ಬಡಿತವನ್ನು ಅಡಗಿಸಿದವನು

ಅಮೆರಿಕದ ಥಾಮಸ್ ಮಿಡ್ಜ್ಲಿಯ ಹೆಸರನ್ನು ರಸಾಯನಶಾಸ್ತ್ರದ ವಿದ್ಯಾರ್ಥಿಗಳು ಚೆನ್ನಾಗಿ ಬಲ್ಲರು. ಕಾವ್ಯ ನಾಟಕಗಳನ್ನು ಓದಿ ಬೆಳೆದ ನನ್ನಂಥವರಿಗೆ ಅದು ದೂರದ ಹೆಸರು. ಆದರೂ ಇಪ್ಪತ್ತನೆಯ ಶತಮಾನದಲ್ಲಿ ಹುಟ್ಟಿದವರ ಪೈಕಿ ಆತನ ಕೆಲಸದ ಫಲ ತಟ್ಟದವರು ವಿರಳ. ನಮ್ಮ ಎಲುಬುಗಳಲ್ಲಿ ಆತ ಹರಡಿದ ಸೀಸದ ಅಂಶವಿದೆ. ನಮ್ಮ ನೆತ್ತಿಯ ಮೇಲಿನ ಆಕಾಶದಲ್ಲಿ ಆತ ಸೃಷ್ಟಿಸಿದ ಅನಿಲದ ಅಂಶವಿದೆ. ಇಷ್ಟಕ್ಕೂ ಮೂಲವಾದುದು ಒಂದು ಸದ್ದು. ಮೋಟಾರಿನ ಯಂತ್ರದೊಳಗೆ ಯಾರೋ ಕುಳಿತು ಸಣ್ಣ ಸುತ್ತಿಗೆಯಿಂದ ಕುಟ್ಟುತ್ತಿರುವಂತೆ ಕೇಳಿಬರುವ ಬಡಿತ.

ಕನ್ನಡ ಪಾಠ ಹೇಳುವವನಿಗೆ ಮೋಟಾರಿನ ಗೊಡವೆಯೇಕೆಂದು ವಾಚಕರು ಕೇಳಬಹುದು. ನನ್ನ ಊರು ಸಾಗರ ತಾಲ್ಲೂಕಿನ ತುಮರಿ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು ಶರಾವತಿಯ ಹಿನ್ನೀರು ಹರಡಿಕೊಂಡ ಮೇಲೆ ನಮ್ಮ ಭಾಗ ನಡುಗಡ್ಡೆಯಂತಾಯಿತು. 2025ರ ಜುಲೈನಲ್ಲಿ ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವಿನ ಸೇತುವೆ ತೆರೆಯುವವರೆಗೂ ಸಾಗರಕ್ಕೆ ಹೋಗಬೇಕಾದ ಕಾರು ಜೀಪುಗಳು ಲಾಂಚನ್ನೇರಿ ಹೊಳೆ ದಾಟಬೇಕಾಗಿತ್ತು. ಸಂಜೆಯ ಕೊನೆಯ ಲಾಂಚು ಹೋಯಿತೆಂದರೆ ಕಾಡಿನ ನಡುವೆ ಬಹುದೂರ ಸುತ್ತಿ ಬಳಸಿ ಹೋಗುವ ದಾರಿಯೊಂದೇ ಗತಿ. ಇಂಥ ಊರಿನಲ್ಲಿ ಯಂತ್ರದ ಸದ್ದಿಗೆ ಕಿವಿಗೊಡುವುದು ಚಪಲವಲ್ಲ, ಅಗತ್ಯ. ನನ್ನ ಸೋದರಮಾವನ ಹಳೆಯ ಅಂಬಾಸಡರ್ ಕಾರು ಏರುದಾರಿಯಲ್ಲಿ ಕಟಕಟ ಎನ್ನತೊಡಗಿದರೆ ಒಳಗಿದ್ದವರೆಲ್ಲ ಮಾತು ನಿಲ್ಲಿಸಿಬಿಡುತ್ತಿದ್ದರು.

ಅದನ್ನು ಪರೀಕ್ಷಿಸಲು ಬರುತ್ತಿದ್ದ ಮೆಕ್ಯಾನಿಕರು ಶಾಲೆಯನ್ನು ಬೇಗನೆ ಬಿಟ್ಟವರು. ಆದರೆ ನಮ್ಮ ವ್ಯಾಕರಣದಲ್ಲಿ ಅನುಕರಣಾವ್ಯಯ ಎಂದು ಕರೆಯುವ ಪದವರ್ಗದಲ್ಲಿ ಅವರಿಗಿದ್ದ ಪಾಂಡಿತ್ಯವನ್ನು ನಾನು ಪಂಡಿತರಲ್ಲಿಯೂ ಕಂಡಿಲ್ಲ. ಯಂತ್ರದ ಮೇಲ್ಭಾಗದಿಂದ ಟಿಕ್ ಟಿಕ್ ಎಂದು ಒಂದೇ ಲಯದಲ್ಲಿ ಸಣ್ಣಗೆ ಬಂದರೆ ಅದು ಟ್ಯಾಪೆಟ್ಟಿನದು. ಫೀಲರ್ ಗೇಜಿನ ತೆಳುತಗಡನ್ನು ತೂರಿಸಿ ಸಂದನ್ನು ಸರಿಪಡಿಸಿದರೆ ಮುಗಿಯಿತು. ಕೆಳಗಿನಿಂದ ಧಡ್ ಧಡ್ ಎಂದು ಭಾರವಾಗಿ ಬಂದರೆ ಬೇರಿಂಗು ಸವೆದಿದೆ ಎಂದೇ ಅನುಮಾನ. ಆಗ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಯಂತ್ರದ ಮೈಗೂ ಹಿಡಿಯನ್ನು ಕಿವಿಗೂ ಒತ್ತಿ, ಒಂದೊಂದೇ ಪ್ಲಗ್ಗಿನ ತಂತಿಯನ್ನು ಕಳಚಿ ಕೇಳುವರು. ಯಾವ ಸಿಲಿಂಡರಿನ ಕಿಡಿ ನಿಂತಾಗ ಸದ್ದು ಕುಗ್ಗುವುದೋ ಅಲ್ಲಿದೆ ರೋಗ. ಇವೆರಡೂ ಅಲ್ಲದೆ ಮೂರನೆಯದೊಂದುಂಟು. ನಿಂತ ಕಾರಿನಲ್ಲಿ ಅದು ಕೇಳಿಸದು. ಭಾರ ಹೊತ್ತು ಮೇಲಿನ ಗೇರಿನಲ್ಲಿಯೇ ಏರು ಹತ್ತುವಾಗ ಲೋಹದ ಮೇಲೆ ಲೋಹ ತಾಗಿದಂತೆ ಕಟಕಟ ಎನ್ನುವುದು. ಗೇರು ಇಳಿಸಿದೊಡನೆ ಮಾಯವಾಗುವುದು. ಅಲ್ಲಿ ಯಾವ ಭಾಗವೂ ಸವೆದಿರಬೇಕಾಗಿಲ್ಲ. ಒಳಗೆ ಬೆಂಕಿ ಹರಡುವ ಕ್ರಮವೇ ಕೆಟ್ಟಿರುತ್ತದೆ. ಅದಕ್ಕೆ ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟು ತಿರುಗಿಸಿ ಕಿಡಿ ತುಸು ತಡವಾಗಿ ಬೀಳುವಂತೆ ಮಾಡುವರು. ಅದರಿಂದಲೂ ಹೋಗದಿದ್ದರೆ ಹೆಡ್ಡು ಬಿಚ್ಚಿ ಅಂಟಿಕೊಂಡ ಇದ್ದಿಲ ಪದರವನ್ನು ಕೆರೆದು ತೆಗೆಯುವರು. ಕೊನೆಗೆ ಪೆಟ್ರೋಲಿನ ಗುಣದ ಮೇಲೆ ಸಂಶಯಪಡುವರು. ಮಿಡ್ಜ್ಲಿಯ ಬಾಳನ್ನು ಹಿಡಿದುಕೊಂಡದ್ದು ಈ ಮೂರನೆಯ ಬಡಿತ.

ಆತ ಹುಟ್ಟಿದ್ದು 1889ರ ಮೇ 18ರಂದು, ಪೆನ್ಸಿಲ್ವೇನಿಯದ ಬೀವರ್ ಫಾಲ್ಸ್ ಎಂಬಲ್ಲಿ. ಬೆಳೆದದ್ದು ಓಹಿಯೋ ರಾಜ್ಯದ ಕೊಲಂಬಸ್ಸಿನಲ್ಲಿ. ಮನೆತನವೇ ಹೊಸ ಉಪಕರಣಗಳನ್ನು ಕಂಡುಹಿಡಿಯುವವರದು. ತಂದೆ ಟೈರು ಮತ್ತು ಚಕ್ರಗಳ ಸುಧಾರಣೆಯಲ್ಲಿ ತೊಡಗಿದ್ದವನು; ತಾಯಿಯ ತಂದೆ ಹೊಸ ಬಗೆಯ ಗರಗಸವೊಂದರ ನಿರ್ಮಾತೃ. ಮಗನೂ 1911ರಲ್ಲಿ ಕಾರ್ನೆಲ್ ವಿಶ್ವವಿದ್ಯಾನಿಲಯದಿಂದ ಯಂತ್ರಶಿಲ್ಪದ ಪದವಿ ಪಡೆದು ಹೊರಬಂದ. ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು: ಮುಂದೆ ಅಮೆರಿಕದ ರಸಾಯನ ಸಂಘದ ಅಧ್ಯಕ್ಷನಾದ ಈತ ಕಾಲೇಜಿನಲ್ಲಿ ಓದಿದ್ದು ರಸಾಯನಶಾಸ್ತ್ರವನ್ನಲ್ಲ. ಆ ವಿದ್ಯೆಯನ್ನು ಬೇಕಾದಾಗ ಬೇಕಾದಷ್ಟು ತಾನೇ ಕಲಿತುಕೊಂಡ. ಕಲಿತ ಬಗೆಯೂ ಯಂತ್ರಶಿಲ್ಪಿಯದೇ. ಕೆಟ್ಟದ್ದನ್ನು ರಿಪೇರಿ ಮಾಡುವುದಕ್ಕಾಗಿ ಕಲಿತದ್ದು.

1916ರಲ್ಲಿ ಆತ ಡೇಟನ್ ನಗರದಲ್ಲಿ ಚಾರ್ಲ್ಸ್ ಕೆಟರಿಂಗ್ ಎಂಬ ಪ್ರಸಿದ್ಧನ ಪ್ರಯೋಗಾಲಯ ಸೇರಿದ. ಹಿಡಿಕೆ ತಿರುಗಿಸುವ ಕಷ್ಟವಿಲ್ಲದೆ ಕಾರು ಚಾಲೂ ಆಗುವಂತೆ ವಿದ್ಯುತ್ ಸ್ಟಾರ್ಟರನ್ನು ರೂಪಿಸಿ 1912ರ ಕ್ಯಾಡಿಲಾಕ್ ಕಾರಿಗೆ ಜೋಡಿಸಿದವನು ಈ ಕೆಟರಿಂಗ್. ಅದರ ಜೊತೆಗೆ ಆತ ತಂದ ಬ್ಯಾಟರಿಯ ಕಿಡಿವ್ಯವಸ್ಥೆಯೇ ಬಡಿತಕ್ಕೆ ಕಾರಣವೆಂಬ ದೂರು ಹಬ್ಬಿತ್ತು. ಹಳ್ಳಿಯ ಮನೆಗಳಿಗೆ ದೀಪ ಬೆಳಗಿಸಲು ಮಾಡಿದ ಸೀಮೆಎಣ್ಣೆಯ ಸಣ್ಣ ಯಂತ್ರಗಳಂತೂ ಇನ್ನೂ ಜೋರಾಗಿ ಬಡಿದುಕೊಳ್ಳುತ್ತಿದ್ದವು. ಕೆಟರಿಂಗ್ ಈ ಸಮಸ್ಯೆಯನ್ನು ಹೊಸ ಹುಡುಗನ ಕೈಗೆ ಹಾಕಿದ.

ಮಿಡ್ಜ್ಲಿ ಮೊದಲು ಮಾಡಿದ್ದು ಒಳ್ಳೆಯ ಮೆಕ್ಯಾನಿಕ್ ಮಾಡುವ ಕೆಲಸವನ್ನೇ. ಊಹೆಗಳನ್ನು ಬದಿಗಿಟ್ಟು ಬಡಿತ ಯಾವ ಕ್ಷಣದಲ್ಲಿ ಬರುತ್ತದೆಂದು ನೋಡಿದ. ಸಿಲಿಂಡರಿನೊಳಗಿನ ಒತ್ತಡದ ಏರಿಳಿತವನ್ನು ಬೆಳಕಿನ ಗೆರೆಯಾಗಿ ಛಾಯಾಚಿತ್ರದ ಫಿಲ್ಮಿನ ಮೇಲೆ ಮೂಡಿಸುವ ಉಪಕರಣವೊಂದನ್ನು ಕಟ್ಟಿದ. ಕಿಡಿ ಬೀಳುವುದಕ್ಕೆ ಮುಂಚೆಯೇ ಇಂಧನ ಹೊತ್ತಿಕೊಳ್ಳುವುದರಿಂದ ಬಡಿತ ಹುಟ್ಟುವುದೆಂದು ಅಂದಿನವರು ನಂಬಿದ್ದರು. ಫಿಲ್ಮಿನ ಗೆರೆ ಬೇರೆಯದನ್ನೇ ತೋರಿಸಿತು: ಒತ್ತಡ ಹುಚ್ಚೆದ್ದು ಏರುವುದು ಕಿಡಿ ಬಿದ್ದ ನಂತರ. ಆಗುವುದೇನೆಂದರೆ, ಪ್ಲಗ್ಗಿನ ಬಳಿ ಹೊತ್ತಿದ ಜ್ವಾಲೆ ಸಾಲುಗದ್ದೆಗೆ ನೀರು ಹಾಯುವಂತೆ ಹಂತಹಂತವಾಗಿ ಮುಂದುವರಿಯಬೇಕು. ಅದು ತಲುಪುವ ಮುಂಚೆಯೇ ಮೂಲೆಯಲ್ಲಿ ಉಳಿದ ಅನಿಲ ಒತ್ತಡಕ್ಕೂ ಬಿಸಿಗೂ ಸಿಕ್ಕಿ ತಾನಾಗಿಯೇ ಒಮ್ಮೆಗೇ ಸಿಡಿದರೆ, ಆ ಸಿಡಿತದ ಅಲೆಗಳು ಲೋಹದ ಗೋಡೆಗೆ ಅಪ್ಪಳಿಸುತ್ತವೆ. ನಮಗೆ ಕೇಳಿಸುವ ಬಡಿತ ಅದೇ. ಹಾಗಿದ್ದಲ್ಲಿ ದೋಷ ಕೆಟರಿಂಗನ ಬ್ಯಾಟರಿಯದಲ್ಲ, ಇಂಧನದ್ದು. ರೋಗನಿದಾನದ ಚರಿತ್ರೆಯಲ್ಲಿ ಇದು ದೊಡ್ಡ ಹೆಜ್ಜೆ ಎಂದು ನನ್ನ ಮತ.

ನಿದಾನ ಸರಿಯಾಯಿತು, ಚಿಕಿತ್ಸೆ ದೊರೆತದ್ದು ಮಾತ್ರ ತಪ್ಪು ತರ್ಕದಿಂದ. ಸೀಮೆಎಣ್ಣೆ ಬೇಗ ಆವಿಯಾಗದಿರುವುದೇ ತೊಂದರೆಯೆಂದೂ, ಅದಕ್ಕೆ ಕೆಂಪು ಬಣ್ಣ ಕೊಟ್ಟರೆ ಹೆಚ್ಚು ಶಾಖ ಹೀರಿ ಬೇಗ ಆವಿಯಾಗಬಹುದೆಂದೂ ಗುರುಶಿಷ್ಯರು ಊಹಿಸಿದರು. ಅಮೆರಿಕದ ಕಾಡಿನಲ್ಲಿ ಹಿಮ ಕರಗುವ ಮುಂಚೆಯೇ ಹೂಬಿಡುವ ಒಂದು ಬಳ್ಳಿಯುಂಟು. ಅದರ ಎಲೆಯ ಅಡಿಭಾಗ ಕೆಂಪು. ಆ ಕೆಂಪೇ ಅದನ್ನು ಬೆಚ್ಚಗಿಡುವುದೆಂಬ ಕಲ್ಪನೆಯಿಂದ ಹುಟ್ಟಿದ ಊಹೆ ಇದು. ಕವಿಗೆ ಒಪ್ಪುವ ಉಪಮೆ, ವಿಜ್ಞಾನಕ್ಕೆ ಒಪ್ಪದು. ದಾಸ್ತಾನಿನಲ್ಲಿ ಎಣ್ಣೆಯಲ್ಲಿ ಕರಗುವ ಕೆಂಪು ಬಣ್ಣ ಇರಲಿಲ್ಲ, ಅಯೋಡಿನ್ ಇತ್ತು. ಅದನ್ನೇ ಹಾಕಿದ. ಬಡಿತ ನಿಂತುಹೋಯಿತು. ಮರುದಿನಗಳಲ್ಲಿ ನಾನಾ ಬಣ್ಣಗಳನ್ನು ತರಿಸಿ ಬೆರೆಸಿದರೆ ಒಂದರಿಂದಲೂ ಏನೂ ಆಗಲಿಲ್ಲ. ಬಣ್ಣವೇ ಇಲ್ಲದ ಅಯೋಡಿನ್ನಿನ ಸಂಯುಕ್ತವೊಂದನ್ನು ಹಾಕಿದರೆ ಮತ್ತೆ ನಿಂತಿತು. ಬಣ್ಣಕ್ಕೂ ಬಡಿತಕ್ಕೂ ಸಂಬಂಧವಿಲ್ಲವೆಂದು ಹೀಗೆ ತಿಳಿಯಿತು. ದಾಸ್ತಾನಿನಲ್ಲಿ ಅಂದು ಬೇರೆ ಯಾವುದಾದರೂ ಕೆಂಪು ಬಣ್ಣ ಇದ್ದಿದ್ದರೆ ಈ ಕಥೆಯ ಗತಿಯೇ ಬೇರೆಯಾಗುತ್ತಿತ್ತೋ ಏನೋ.

ಅಯೋಡಿನ್ ದುಬಾರಿ, ಮೇಲಾಗಿ ಲೋಹವನ್ನು ತಿನ್ನುತ್ತದೆ. ಮುಂದಿನ ಐದು ವರ್ಷ ಮಿಡ್ಜ್ಲಿಯೂ ಆತನ ಸಹಾಯಕರಾದ ಥಾಮಸ್ ಬಾಯ್ಡ್, ಕ್ಯಾರೊಲ್ ಹಾಕ್‌ವಾಲ್ಟ್ ಮೊದಲಾದವರೂ ಕೈಗೆ ಸಿಕ್ಕಿದ ದ್ರವ್ಯಗಳನ್ನೆಲ್ಲ ಯಂತ್ರಕ್ಕೆ ಕುಡಿಸಿ ನೋಡಿದರು. 1919ರಲ್ಲಿ ಅನಿಲಿನ್ ಫಲಿಸಿತು, ಆದರೆ ಅದರ ದುರ್ವಾಸನೆ ಸಹಿಸಲಾಗದು. ಟೆಲ್ಲುರಿಯಮ್ಮಿನ ಸಂಯುಕ್ತ ಇನ್ನೂ ಚೆನ್ನಾಗಿ ಫಲಿಸಿತು. ಅದರ ಬೆಳ್ಳುಳ್ಳಿಯಂಥ ನಾತವಾದರೋ ಸ್ನಾನ ಮಾಡಿದರೂ ಬಟ್ಟೆ ಬದಲಿಸಿದರೂ ಮೈಬಿಟ್ಟು ಹೋಗುತ್ತಿರಲಿಲ್ಲ. ಜನರ ನಡುವೆ ಕುಳಿತುಕೊಳ್ಳುವುದೇ ಕಷ್ಟವಾಯಿತು. ಆಗ ಮಿಡ್ಜ್ಲಿ ಕುರುಡು ಹುಡುಕಾಟವನ್ನು ಬಿಟ್ಟು ಮೂಲವಸ್ತುಗಳ ಆವರ್ತ ಕೋಷ್ಟಕವನ್ನು ಮುಂದಿಟ್ಟುಕೊಂಡ. ಯಾವ ಸಾಲಿನಲ್ಲಿ ಗುಣ ಏರುತ್ತದೆ, ಯಾವ ಕಡೆಗೆ ಇಳಿಯುತ್ತದೆ ಎಂದು ಗುರುತು ಹಾಕುತ್ತ ಹೋದಂತೆ ಎಲ್ಲ ಗೆರೆಗಳೂ ಕೋಷ್ಟಕದ ಕೆಳಮೂಲೆಯ ಭಾರವಾದ ಲೋಹದತ್ತ ಬೆರಳು ಮಾಡಿದವು. 1921ರ ಡಿಸೆಂಬರ್ 9ರಂದು ಸೀಸದ ಟೆಟ್ರಾಈಥೈಲ್ ಸಂಯುಕ್ತವನ್ನು ಪರೀಕ್ಷಿಸಿದರು. ಅತ್ಯಲ್ಪ ಪ್ರಮಾಣದಲ್ಲಿಯೇ ಬಡಿತ ಪೂರ್ತಿ ಅಡಗಿತು. ಒಂದು ಗ್ಯಾಲನ್ ಪೆಟ್ರೋಲಿಗೆ ಸುಮಾರು 3 ಘನ ಸೆಂಟಿಮೀಟರು ಸಾಕು.

1923ರ ಫೆಬ್ರವರಿ 2ರಂದು ಡೇಟನ್ನಿನ ಒಂದು ಬಂಕಿನಲ್ಲಿ ಈ ಪೆಟ್ರೋಲು ಮೊದಲ ಸಲ ಮಾರಾಟವಾಯಿತು. ಅದೇ ವರ್ಷ ಮೇ ತಿಂಗಳಿನ ಇಂಡಿಯಾನಾಪೊಲಿಸ್ ಕಾರುಪಂದ್ಯದಲ್ಲಿ ಮೊದಲ ಮೂರು ಸ್ಥಾನ ಗಳಿಸಿದವರು ಬಳಸಿದ್ದು ಇದನ್ನೇ. 1924ರಲ್ಲಿ ಜನರಲ್ ಮೋಟಾರ್ಸ್ ಮತ್ತು ನ್ಯೂಜೆರ್ಸಿಯ ಸ್ಟಾಂಡರ್ಡ್ ಆಯಿಲ್ ಸೇರಿ ಒಂದು ಕಂಪನಿಯನ್ನೇ ಕಟ್ಟಿದವು. ಸರಕಿಗೆ ಇಟ್ಟ ಹೆಸರು ಈಥೈಲ್. ಶಬ್ದದ ವ್ಯವಸಾಯ ಮಾಡುವ ನನಗೆ ಈ ಹೆಸರಿನಲ್ಲಿ ಆಸಕ್ತಿ. ಕಿವಿಗೆ ಇಂಪು, ನಾಲಗೆಗೆ ಸುಲಭ. ಸೀಸ ಎಂಬ ಮಾತು ಮಾತ್ರ ಅದರಲ್ಲಿ ಎಲ್ಲಿಯೂ ಇಲ್ಲ.

ಸೀಸ ವಿಷವೆಂಬುದು ಅಂದು ಯಾರಿಗೂ ಹೊಸತಾಗಿರಲಿಲ್ಲ. ಈ ನಿರ್ದಿಷ್ಟ ದ್ರವ ಚರ್ಮದ ಮೂಲಕವೂ ಒಳಹೊಕ್ಕು ನೇರವಾಗಿ ನರಮಂಡಲಕ್ಕೆ ತಾಗುತ್ತದೆ. ಮಿಡ್ಜ್ಲಿಗೇ ಅದರ ಅನುಭವವಾಗಿತ್ತು: 1923ರ ಆರಂಭದಲ್ಲಿ ಸೀಸದ ವಿಷವೇರಿ, ಕೆಲಸ ಬಿಟ್ಟು, ಶುದ್ಧ ಗಾಳಿಗಾಗಿ ಫ್ಲಾರಿಡಕ್ಕೆ ಹೋಗಬೇಕಾಯಿತು. ಕಾರ್ಖಾನೆಯ ಕೂಲಿಯವರಿಗೆ ಫ್ಲಾರಿಡ ಎಲ್ಲಿಂದ ಬರಬೇಕು? 1924ರ ಅಕ್ಟೋಬರಿನಲ್ಲಿ ನ್ಯೂಜೆರ್ಸಿಯ ಬೇವೇ ಸಂಸ್ಕರಣಾಗಾರದಲ್ಲಿ ಕೆಲಸಗಾರರಿಗೆ ಬುದ್ಧಿಭ್ರಮಣೆಯಾಯಿತು. ಕೆಲವರನ್ನು ಹಗ್ಗದಿಂದ ಬಿಗಿಯುವಂತೆ ಹಿಡಿದು ಆಸ್ಪತ್ರೆಗೆ ಸಾಗಿಸಬೇಕಾಯಿತು. ಐವರು ಸತ್ತರು, ಮೂವತ್ತಕ್ಕೂ ಹೆಚ್ಚು ಮಂದಿ ಹಾಸಿಗೆ ಹಿಡಿದರು. ಡೇಟನ್ನಿನಲ್ಲಿಯೂ ಡೀಪ್‌ವಾಟರ್ ಎಂಬಲ್ಲಿನ ಡ್ಯುಪಾಂಟ್ ಕಾರ್ಖಾನೆಯಲ್ಲಿಯೂ ಸಾವುಗಳಾಗಿದ್ದವು. ಡೀಪ್‌ವಾಟರಿನ ಕಾರ್ಮಿಕರು ತಮ್ಮ ಕೆಲಸದ ಕಟ್ಟಡವನ್ನು ಚಿಟ್ಟೆಗಳ ಮನೆ ಎಂದು ಕರೆಯುತ್ತಿದ್ದರು; ಇಲ್ಲದ ಹುಳುಗಳನ್ನು ಮೈಮೇಲಿಂದ ಕೊಡವಿಕೊಳ್ಳುವುದು ಅಲ್ಲಿ ಅಷ್ಟು ಸಾಮಾನ್ಯವಾಗಿತ್ತು.

ಆ ಅಕ್ಟೋಬರ್ 30ರಂದು ಮಿಡ್ಜ್ಲಿ ನ್ಯೂಯಾರ್ಕಿನಲ್ಲಿ ಪತ್ರಿಕೆಯವರನ್ನು ಕರೆದು, ಅವರೆದುರು ಆ ದ್ರವವನ್ನು ಕೈಗೆ ಸುರಿದುಕೊಂಡು ತೊಳೆದು ತೋರಿಸಿದ. ಸೀಸೆಯನ್ನು ಮೂಗಿಗೆ ಹಿಡಿದು ಒಂದು ನಿಮಿಷ ಉಸಿರೆಳೆದ. ಪ್ರತಿದಿನ ಹೀಗೆ ಮಾಡಿದರೂ ಅಪಾಯವಿಲ್ಲವೆಂದು ನಂಬಿಸಲು ಹೊರಟ. ತಾನೇ ಆ ವಿಷದಿಂದ ನರಳಿ ಎದ್ದು ಎರಡು ವರ್ಷವೂ ಆಗಿರಲಿಲ್ಲ. ಆತನ ಬುದ್ಧಿಶಕ್ತಿಯನ್ನು ಎಷ್ಟು ಮೆಚ್ಚಿದರೂ ಈ ಒಂದು ಘಳಿಗೆಯನ್ನು ನಾನು ಕ್ಷಮಿಸಲಾರೆ. ಯಂತ್ರದ ಬಡಿತಕ್ಕೆ ಅಷ್ಟು ನಿಷ್ಠೆಯಿಂದ ಕಿವಿಗೊಟ್ಟವನು ಮನುಷ್ಯರ ಕೂಗಿಗೆ ಕಿವಿ ಮುಚ್ಚಿಕೊಂಡ.

ಎಚ್ಚರಿಸಿದವರು ಇರಲಿಲ್ಲವೆಂದಲ್ಲ. ಯೇಲ್ ವಿಶ್ವವಿದ್ಯಾನಿಲಯದ ಯಾಂಡೆಲ್ ಹೆಂಡರ್ಸನ್, ಕೈಗಾರಿಕಾ ರೋಗಗಳ ತಜ್ಞೆಯಾದ ವೈದ್ಯೆ ಆಲಿಸ್ ಹ್ಯಾಮಿಲ್ಟನ್ ಇಬ್ಬರೂ ಬೀದಿಬೀದಿಗಳಲ್ಲಿ ಸೀಸ ಹರಡುವ ಕೇಡನ್ನು ಮುಂಗಂಡು ಹೇಳಿದರು. 1925ರ ಮೇ ತಿಂಗಳಿನಲ್ಲಿ ಸರ್ಕಾರ ಸಭೆ ಕರೆಯಿತು, ಮಾರಾಟ ಕೆಲಕಾಲ ನಿಂತಿತು. 1926ರ ಆರಂಭದಲ್ಲಿ ತಜ್ಞರ ಸಮಿತಿ ನಿಷೇಧಕ್ಕೆ ತಕ್ಕ ಆಧಾರವಿಲ್ಲವೆಂದಿತು, ಮಾರಾಟ ಮತ್ತೆ ಆರಂಭವಾಯಿತು. ಬೇರೆ ಉಪಾಯವಿರಲಿಲ್ಲವೇ? ಇತ್ತು. ಮದ್ಯಸಾರವನ್ನು ಪೆಟ್ರೋಲಿಗೆ ಬೆರೆಸಿದರೂ ಬಡಿತ ಅಡಗುತ್ತದೆಂದು ಕೆಟರಿಂಗ್ ಮಿಡ್ಜ್ಲಿ ಇಬ್ಬರಿಗೂ ತಿಳಿದಿತ್ತು. ಆದರೆ ಅದನ್ನು ಬಹಳ ಪ್ರಮಾಣದಲ್ಲಿ ಬೆರೆಸಬೇಕು. ಯಾವ ರೈತನೂ ಬಟ್ಟಿಯಿಳಿಸಬಹುದಾದ ವಸ್ತುವಿನ ಮೇಲೆ ಯಾರೂ ಹಕ್ಕು ಸ್ಥಾಪಿಸಲಾರರು. ಲಾಭವೇ ಸೀಸದ ಕಡೆಗೆ ತಕ್ಕಡಿಯನ್ನು ವಾಲಿಸಿತೆಂದು ಇತಿಹಾಸಕಾರರು ಹಲವರು ವಾದಿಸಿದ್ದಾರೆ. ಇಂದು ನಮ್ಮ ದೇಶದ ಬಂಕುಗಳಲ್ಲಿ ನೂರಕ್ಕೆ 20 ಪಾಲು ಎಥನಾಲ್ ಬೆರೆಸಿದ ಪೆಟ್ರೋಲು ದೊರೆಯುತ್ತದೆ. ಅದು ಹಳೆಯ ವಾಹನಗಳಿಗೆ ಒಗ್ಗುವುದೇ ಎಂಬ ಚರ್ಚೆ ಬೇರೆ. ಬಡಿತದ ಮಟ್ಟಿಗಂತೂ 1921ರಲ್ಲಿ ಬಿಟ್ಟುಹೋದ ದಾರಿಗೇ ಮರಳಿದಂತಾಗಿದೆ.

ಸೀಸ ಮಾಡಿದ ಉಪಕಾರವನ್ನೂ ಹೇಳದಿದ್ದರೆ ಅನ್ಯಾಯವಾದೀತು. ಬಡಿತದ ಭಯ ಹೋದ ಮೇಲೆ ಸಿಲಿಂಡರಿನಲ್ಲಿ ಅನಿಲವನ್ನು ಇನ್ನಷ್ಟು ಅದುಮಿ ಹಿಡಿಯಬಹುದಾಯಿತು. ಅದೇ ಪೆಟ್ರೋಲಿನಿಂದ ಹೆಚ್ಚು ಶಕ್ತಿ ದೊರೆಯಿತು. ಎರಡನೆಯ ಮಹಾಯುದ್ಧದ ಯುದ್ಧವಿಮಾನಗಳು ಮೇಲೇರಿದ್ದು ಸೀಸ ಬೆರೆತ 100 ಆಕ್ಟೇನಿನ ಇಂಧನದ ಬಲದಿಂದ.

ಎರಡನೆಯ ಶೋಧದ ಕಥೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಅಂದಿನ ಶೀತಕ ಪೆಟ್ಟಿಗೆಗಳಲ್ಲಿ ಅಮೋನಿಯ, ಗಂಧಕದ ಡಯಾಕ್ಸೈಡ್ ಮುಂತಾದ ವಿಷಾನಿಲಗಳಿದ್ದು, ಸೋರಿದರೆ ಮನೆಮಂದಿಯ ಪ್ರಾಣಕ್ಕೆ ಎರವಾಗುತ್ತಿದ್ದವು. ವಿಷವೂ ಅಲ್ಲದ, ಉರಿಯಲೂ ಉರಿಯದ ಅನಿಲ ಬೇಕೆಂದು 1928ರಲ್ಲಿ ಕೆಟರಿಂಗ್ ಹೇಳಿಕಳುಹಿಸಿದ. ಮಿಡ್ಜ್ಲಿ ಮತ್ತೆ ಆವರ್ತ ಕೋಷ್ಟಕವನ್ನೇ ಬಿಡಿಸಿ, ಆಲ್ಬರ್ಟ್ ಹೆನ್ನೆಯೊಡನೆ ಸೇರಿ, ಮುಂದೆ ಫ್ರಿಯಾನ್ ಎಂದು ಹೆಸರಾದ ಅನಿಲವನ್ನು ತಯಾರಿಸಿದ. ಅದಕ್ಕೆ ಬೇಕಾದ ಆಂಟಿಮನಿಯ ಲವಣ ಸಿಕ್ಕಿದ್ದು ಐದೇ ಸೀಸೆ. ಮೊದಲ ಸೀಸೆಯಿಂದ ಮಾಡಿದ ಅನಿಲದಲ್ಲಿ ಗಿನಿಯಿಲಿ ನಿಶ್ಚಿಂತೆಯಿಂದ ಬದುಕಿತು. ಮುಂದಿನ ಸೀಸೆಯದಕ್ಕೆ ಸತ್ತುಹೋಯಿತು. ಉಳಿದ ಸೀಸೆಗಳೆಲ್ಲ ಕಲಬೆರಕೆಯಾಗಿ ಫಾಸ್ಜೀನ್ ವಿಷ ಹುಟ್ಟಿಸುತ್ತಿದ್ದವು. ಆ ಕೆಟ್ಟ ಸೀಸೆಗಳಲ್ಲೊಂದು ಮೊದಲು ಕೈಗೆ ಬಂದಿದ್ದರೆ ಫ್ರಿಯಾನನ್ನು ಅಂದೇ ಕೈಬಿಡುತ್ತಿದ್ದರು. 1930ರಲ್ಲಿ ಅಟ್ಲಾಂಟದ ವಿದ್ವತ್ಸಭೆಯಲ್ಲಿ ಆತ ಆ ಅನಿಲವನ್ನು ಎದೆತುಂಬ ಎಳೆದುಕೊಂಡು ಉರಿಯುವ ಮೋಂಬತ್ತಿಯ ಮೇಲೆ ಊದಿ ಅದನ್ನು ಆರಿಸಿದ. ಈ ಸಲ ಆತ ಸಭೆಗೆ ಸುಳ್ಳು ತೋರಿಸಲಿಲ್ಲ. ಆ ಅನಿಲ ಮನುಷ್ಯನಿಗೆ ನಿಜವಾಗಿಯೂ ನಿರಪಾಯ. ಅದು ಮೇಲೇರಿ ಓಜೋನಿನ ಪದರವನ್ನು ಸವೆಸಬಲ್ಲದೆಂದು ಮೊಲಿನಾ ಮತ್ತು ರೋಲೆಂಡ್ ತೋರಿಸಿಕೊಟ್ಟದ್ದು 1974ರಲ್ಲಿ. ಜಗತ್ತಿನ ರಾಷ್ಟ್ರಗಳು ಮಾಂಟ್ರಿಯಲ್ಲಿನಲ್ಲಿ ಒಪ್ಪಂದ ಮಾಡಿಕೊಂಡದ್ದು 1987ರಲ್ಲಿ. ಇದಕ್ಕಾಗಿ ಮಿಡ್ಜ್ಲಿಯನ್ನು ದೂಷಿಸುವವರೊಂದಿಗೆ ನಾನು ಸೇರಲಾರೆ. ತಿಳಿದು ಮುಚ್ಚಿಟ್ಟದ್ದು ಬೇರೆ, ಯಾರಿಗೂ ತಿಳಿಯದೆ ಆದದ್ದು ಬೇರೆ.

ಕೀರ್ತಿ ಧಾರಾಳವಾಗಿ ಬಂತು. 1937ರಲ್ಲಿ ಪರ್ಕಿನ್ ಪದಕ, 1941ರಲ್ಲಿ ಪ್ರೀಸ್ಟ್ಲಿ ಪದಕ. ಅಷ್ಟರಲ್ಲಿ, 1940ರಲ್ಲಿ, ಐವತ್ತೊಂದರ ವಯಸ್ಸಿನಲ್ಲಿ ಪೋಲಿಯೋ ತಗುಲಿ ಕಾಲುಗಳು ಹೋದವು. ಆಗಲೂ ಆತ ಯಂತ್ರಶಿಲ್ಪಿಯೇ. ಹಾಸಿಗೆಯಿಂದ ತಾನೇ ಏಳಲು ಅನುಕೂಲವಾಗುವಂತೆ ಹಗ್ಗ ರಾಟೆಗಳ ಸಲಕರಣೆಯೊಂದನ್ನು ರೂಪಿಸಿಕೊಂಡ. 1944ರಲ್ಲಿ ರಸಾಯನ ಸಂಘದ ಅಧ್ಯಕ್ಷನೂ ಆದ. ಅದೇ ವರ್ಷ ನವೆಂಬರ್ 2ರಂದು, ಓಹಿಯೋದ ವರ್ದಿಂಗ್‌ಟನ್ನಿನ ಮನೆಯಲ್ಲಿ, ಆ ಸಲಕರಣೆಯ ಹಗ್ಗವೇ ಕೊರಳಿಗೆ ಸುತ್ತಿಕೊಂಡು ಸತ್ತುಬಿದ್ದುದು ಕಂಡುಬಂತು. ಆಕಸ್ಮಿಕವೆಂದೇ ಬಹಳ ಕಾಲ ಜನ ನಂಬಿದರು. ಬೇಕೆಂದೇ ಮಾಡಿಕೊಂಡದ್ದೆನ್ನುವವರೂ ಇದ್ದಾರೆ. ಆಗ ಆತನಿಗೆ 55 ವರ್ಷ.

ಆತನಿಗಿಂತ ಆತನ ಸೀಸಕ್ಕೆ ಆಯುಸ್ಸು ಹೆಚ್ಚು. ಅದನ್ನು ಹಿಡಿದುಕೊಟ್ಟವನು ಕ್ಲೇರ್ ಪ್ಯಾಟರ್ಸನ್ ಎಂಬ ಭೂವಿಜ್ಞಾನಿ. ಆತ ಹುಡುಕುತ್ತಿದ್ದದ್ದು ಭೂಮಿಯ ವಯಸ್ಸನ್ನು. ಉಲ್ಕೆಗಳೊಳಗಿನ ಸೀಸವನ್ನು ಅಳೆದು 1956ರಲ್ಲಿ ಅದು ಸುಮಾರು 455 ಕೋಟಿ ವರ್ಷವೆಂದು ಲೆಕ್ಕಹಾಕಿ ತೋರಿಸಿದ. ಅಳೆಯುವಾಗ ಎದುರಾದ ತೊಡಕೆಂದರೆ, ಪ್ರಯೋಗಾಲಯದ ಗಾಳಿ, ಧೂಳು, ನೀರು, ಕೂದಲು ಎಲ್ಲದರಲ್ಲಿಯೂ ಸೀಸವಿದ್ದದ್ದು. ಎಲ್ಲಿಂದ ಬಂತೆಂದು ಬೆನ್ನುಹತ್ತಿ ಆತ ಸಮುದ್ರದ ನೀರನ್ನೂ ಗ್ರೀನ್‌ಲ್ಯಾಂಡಿನ ಹಿಮದ ಪದರಗಳನ್ನೂ ಪರೀಕ್ಷಿಸಿದ. ಹೊಸ ಪದರಗಳಿಗೆ ಬಂದಂತೆ ಸೀಸ ಏರುತ್ತ ಬಂದಿತ್ತು. 1965ರಲ್ಲಿ ಆತ ಇದನ್ನು ಬಹಿರಂಗವಾಗಿ ಬರೆದಾಗ ಉದ್ಯಮದವರು ಮುನಿದರು. ಮುಂದಿನ ವರ್ಷಗಳಲ್ಲಿ ಮಕ್ಕಳ ಬುದ್ಧಿಯ ಬೆಳವಣಿಗೆಯನ್ನು ಸೀಸ ಕುಂಠಿತಗೊಳಿಸುವುದೆಂದು ವೈದ್ಯರು ಸ್ಥಾಪಿಸಿದರು. ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರುಗಳೂ ಸೀಸ ತಾಗಿದರೆ ಕೆಡುವಂಥವು. ಅವು 1975ರಿಂದ ಅಮೆರಿಕದ ಕಾರುಗಳಿಗೆ ಬಂದಾಗ ಸೀಸರಹಿತ ಪೆಟ್ರೋಲು ಅನಿವಾರ್ಯವಾಯಿತು. ಅಲ್ಲಿ ರಸ್ತೆಯ ವಾಹನಗಳಿಗೆ ಪೂರ್ಣ ನಿಷೇಧ ಬಂದದ್ದು 1996ರಲ್ಲಿ.

ನಮ್ಮಲ್ಲಿ ಸೀಸದ ಪೆಟ್ರೋಲು ದೇಶದಾದ್ಯಂತ ನಿಂತದ್ದು 2000ದಲ್ಲಿ. ಹಾಗೆಂದರೆ ನನ್ನ ಬಾಲ್ಯವೆಲ್ಲ ಕಳೆದದ್ದು ಮಿಡ್ಜ್ಲಿಯ ಕಾಲದಲ್ಲಿಯೇ. ಹೊಳೆಬಾಗಿಲಿನಲ್ಲಿ ಲಾಂಚು ಬಂದು ನಿಂತಾಗ ಒಂದರ ಹಿಂದೊಂದು ದಡಕ್ಕೇರುತ್ತಿದ್ದ ಕಾರುಗಳ ಹಿಂದೆ ನಾವು ಹುಡುಗರು ಓಡಿ, ಆ ನೀಲಿ ಹೊಗೆಯ ವಾಸನೆಯನ್ನು ಆಸೆಯಿಂದ ಹೀರುತ್ತಿದ್ದೆವು. ಸೀಸ ಹೋದ ಮೇಲೆ ಹಳೆಯ ಯಂತ್ರಗಳ ವಾಲ್ವಿನ ಪೀಠಗಳು ಬೇಗ ಸವೆಯತೊಡಗಿದವೆಂದು ಮೆಕ್ಯಾನಿಕರು ಹೇಳುವುದುಂಟು. ಆ ಮಾತು ನಿಜ. ಉರಿದ ಸೀಸದ ತೆಳುಪದರ ಆ ಪೀಠಗಳಿಗೆ ಮೆತ್ತೆಯಂತಿದ್ದು ಕಾಯುತ್ತಿತ್ತು. ಗಟ್ಟಿ ಲೋಹದ ಪೀಠ ಕೂಡಿಸಿ ಅದನ್ನು ಸರಿಪಡಿಸಿಕೊಂಡವರೂ ಇದ್ದಾರೆ. ಇಂದಿನ ಕಾರುಗಳಲ್ಲಂತೂ ಯಂತ್ರದ ಮೈಗೆ ಬಿಗಿದ ಸಣ್ಣ ಬಿಲ್ಲೆಯೊಂದು ಮೆಕ್ಯಾನಿಕನ ಸ್ಕ್ರೂಡ್ರೈವರಿನಂತೆ ಬಡಿತವನ್ನು ಆಲಿಸುತ್ತಲೇ ಇದ್ದು, ಅದು ಮನುಷ್ಯನ ಕಿವಿಗೆ ಬೀಳುವ ಮುಂಚೆಯೇ ಕಿಡಿಯನ್ನು ತಡಮಾಡಿಸಿಬಿಡುತ್ತದೆ.

ರಸ್ತೆಯ ವಾಹನಗಳಿಗೆ ಸೀಸದ ಪೆಟ್ರೋಲು ಮಾರುತ್ತಿದ್ದ ಕೊನೆಯ ದೇಶ ಅಲ್ಜೀರಿಯ. ಅಲ್ಲಿ ಅದು 2021ರ ಜುಲೈನಲ್ಲಿ ಮುಗಿಯಿತು. ಸಣ್ಣ ಪಿಸ್ಟನ್ ವಿಮಾನಗಳ ಇಂಧನದಲ್ಲಿ ಮಾತ್ರ ಅದು ಇನ್ನೂ ಉಳಿದಿದೆ.